ಇಪ್ಪತ್ತೊಂಬತ್ತು ಸಾವಿರದ ಆರುನೂರು ಓಮ್

ಬೆಳ್ತಂಗಡಿ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರು ಒಂದು ಬೆಳಿಗ್ಗೆ ನನ್ನ ಅಂಗಡಿಯ ಮೇಜಿನ ಮೇಲೆ ಕರವಸ್ತ್ರದ ಗಂಟೊಂದನ್ನು ಇಟ್ಟರು. "ಲಾಯಿಲದ ಟೀಚರು ಕೊಟ್ಟದ್ದು. ಬೀಳಿಸಬಾರದು ಅಂತ ನಾಲ್ಕು ಸಲ ಹೇಳಿದ್ದಾರೆ, ನಾನು ನಿಮಗೆ ಒಂದೇ ಸಲ ಹೇಳ್ತೇನೆ" ಎಂದು ಬಸ್ಸಿಗೆ ಓಡಿದರು. ಅದು ಅರುವತ್ತರ ದಶಕದ ನಡುವಿನ ಒಂದು ವರ್ಷ. ನಾನು ಬಂಟ್ವಾಳ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ.

ಗಂಟು ಬಿಚ್ಚಿದೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಕಿವಿಯ ಯಂತ್ರ, ಅದಕ್ಕೆ ಸುತ್ತಿದ ತೆಳು ವಯರು, ವಯರಿನ ತುದಿಯಲ್ಲಿ ಕಿವಿಗೆ ಇಟ್ಟುಕೊಳ್ಳುವ ಗುಂಡಿ. ಜೊತೆಗೊಂದು ಚೀಟಿ. ಅದರ ಅಕ್ಷರ ಕಂಡ ಕೂಡಲೇ ನಾನು ಸ್ಟೂಲಿನಿಂದ ಎದ್ದು ನಿಂತೆ. ಮೂವತ್ತು ದಾಟಿದ ಗಂಡಸು, ಖಾಲಿ ಅಂಗಡಿಯಲ್ಲಿ, ಒಂದು ಚೀಟಿಗೆ ಎದ್ದು ನಿಂತದ್ದು ಎಂದರೆ ಈಗ ನನಗೇ ನಗು ಬರುತ್ತದೆ. ನಾಲ್ಕನೆಯ ಕ್ಲಾಸಿನವರೆಗೆ ನನಗೆ ಅಕ್ಷರ, ಮಗ್ಗಿ, ಬಾಯಿಲೆಕ್ಕ ಎಲ್ಲ ಕಲಿಸಿದ ಟೀಚರ ಕೈಬರಹ ಅದು.

"ಇದು ಮಾತು ನಿಲ್ಲಿಸಿದೆ. ದೀಪಾವಳಿ ಕಳೆದು ಇನ್ಸ್‌ಪೆಕ್ಟರು ಬರುತ್ತಾರೆ. ಕಳೆದ ಸಲ ಅವರು ನನ್ನ ಬೆನ್ನ ಹಿಂದೆ ನಿಂತು ಏನೋ ಕೇಳಿದರಂತೆ, ನಾನು ಬೋರ್ಡಿನಲ್ಲಿ ಬರೆಯುತ್ತಲೇ ಇದ್ದೆನಂತೆ. ಇನ್ನೊಮ್ಮೆ ಹಾಗಾದರೆ ಶಾಲೆ ಬಿಡಬೇಕಾಗುತ್ತದೆ. ನಿನ್ನಿಂದ ಆಗುತ್ತದೋ ನೋಡು."

ಅವರ ಕಿವಿ ಮಂದವಾದದ್ದು ನನಗೆ ಗೊತ್ತೇ ಇರಲಿಲ್ಲ. ಅದಕ್ಕೇ ಮೊದಲು ನಾಚಿಕೆಯಾಯಿತು.

ಯಂತ್ರದ ಹಿಂಬದಿ ಬಿಚ್ಚಿದಾಗ ರೋಗ ಗುರುತಿಸುವುದು ಕಷ್ಟವಾಗಲಿಲ್ಲ. ಒಳಗೆ ಸ್ವರವನ್ನು ಹಂತಹಂತವಾಗಿ ದೊಡ್ಡದು ಮಾಡುವ ಮೂರು ಟ್ರಾನ್ಸಿಸ್ಟರು. ಮೂರನೆಯದರ ಪಕ್ಕದಲ್ಲಿ ಭತ್ತದ ಕಾಳಿನಷ್ಟು ಉದ್ದದ ಒಂದು ರೆಸಿಸ್ಟರು, ಬೆವರಿಗೆ ಹಸಿರು ಕಿಲುಬು ಹಿಡಿದು ಅದರ ಒಂದು ಕಾಲು ಬುಡದಲ್ಲೇ ಮುರಿದಿತ್ತು. ಅದರ ಬೆಲೆ, ಅಂದರೆ ಎಷ್ಟು ಓಮ್ ತಡೆ ಎಂಬುದನ್ನು, ತಿಳಿಸುವ ಬಣ್ಣದ ಪಟ್ಟೆಗಳೂ ಅಳಿಸಿಹೋಗಿದ್ದವು. ಆ ಕೊನೆಯ ಟ್ರಾನ್ಸಿಸ್ಟರಿಗೆ ವಿದ್ಯುತ್ತನ್ನು ಅಳೆದು ಬಿಡುವುದು ಈ ರೆಸಿಸ್ಟರಿನ ಕೆಲಸ. ಹೆಚ್ಚು ಬಿಟ್ಟರೆ ಸ್ವರ ಒಡೆಯುತ್ತದೆ, ಕಡಿಮೆ ಬಿಟ್ಟರೆ ಉಡುಗುತ್ತದೆ. ಆ ಕಾಲದಲ್ಲಿ ಒಂದು ಟ್ರಾನ್ಸಿಸ್ಟರಿನ ಗುಣ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಆದ್ದರಿಂದ ಕಾರ್ಖಾನೆಯವರು ಒಂದೊಂದು ಯಂತ್ರಕ್ಕೂ ಕೇಳಿ ನೋಡಿ, ಹೊಂದುವ ರೆಸಿಸ್ಟರನ್ನು ಆರಿಸಿ ಕೂರಿಸುತ್ತಿದ್ದರು. ಅದರ ಬೆಲೆ ಎಷ್ಟೆಂದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಯಂತ್ರ ಮಾಡಿದ ಬೊಂಬಾಯಿಯ ಕಂಪೆನಿಗೆ ಕಾಗದ ಬರೆದೆ. ಯಂತ್ರವನ್ನೇ ಕಳಿಸಿ, ನಾಲ್ಕೈದು ತಿಂಗಳಾದೀತು ಎಂಬ ಉತ್ತರ ಬಂತು. ಆಗ ಸೋಣ ತಿಂಗಳು, ದೀಪಾವಳಿಗೆ ಉಳಿದದ್ದು ಎರಡು ತಿಂಗಳು ಚಿಲ್ಲರೆ. ಕಾಗದ ಹರಿದು ಬಿಸಾಡಿದೆ. ಕೋಪ ನನಗೆ ಆಗಲೂ ಮೂಗಿನ ತುದಿಯಲ್ಲೇ ಇತ್ತು.

ಬೆಲೆ ಕಂಡುಹಿಡಿಯುವ ದಾರಿ ಒಂದಿತ್ತು. ಮುರಿದ ರೆಸಿಸ್ಟರಿನ ಜಾಗದಿಂದ ಎರಡು ವಯರು ಹೊರಗೆಳೆದು, ರೇಡಿಯೋದ ಸ್ವರ ಹೆಚ್ಚುಕಡಿಮೆ ಮಾಡುವಂಥ ತಿರುಗಣೆಯೊಂದಕ್ಕೆ ಬೆಸೆದೆ. ಅದೂ ಒಂದು ರೆಸಿಸ್ಟರೇ, ತಿರುಗಿಸಿದಂತೆ ಬೆಲೆ ಬದಲಾಗುತ್ತದೆ. ಗುಂಡಿಯನ್ನು ಕಿವಿಗಿಟ್ಟು, ಮೇಜಿನ ಮೇಲಿದ್ದ ಯಂತ್ರದೆದುರು ಗಡಿಯಾರವಿಟ್ಟು, ಮೆಲ್ಲ ತಿರುಗಿಸಿದೆ. ಒಂದು ಕಡೆ ಗೊರಗೊರ, ಇನ್ನೊಂದು ಕಡೆ ನಿಶ್ಶಬ್ದ, ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಟಿಕ್ ಟಿಕ್ ಎಂದು ನೀಟಾದ ಸದ್ದು. ಅಲ್ಲಿ ತಿರುಗಣೆಯನ್ನು ನಿಲ್ಲಿಸಿದೆ.

ಅದು ಎಷ್ಟು ಓಮ್ ಎಂದು ಅಳೆಯಲು ನನ್ನ ಮೀಟರಿಗೆ ಯೋಗ್ಯತೆ ಇರಲಿಲ್ಲ. ಆ ಭಾಗದಲ್ಲಿ ಅದರ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು, ಇಪ್ಪತ್ತೈದು ಸಾವಿರವೋ ಮೂವತ್ತೋ ಎಂದು ಗೊತ್ತಾಗುವ ಹಾಗಿಲ್ಲ. ತಿರುಗಣೆಯನ್ನು ಹಿಡಿದುಕೊಂಡು ಸಿದ್ಧಕಟ್ಟೆಯ ದಾರಿಯಾಗಿ ಮೂಡಬಿದಿರೆಗೆ ಬಸ್ಸು ಹತ್ತಿದೆ. ಅಲ್ಲಿನ ಒಂದು ಹೈಸ್ಕೂಲಿನ ವಿಜ್ಞಾನದ ಮಾಸ್ಟರು ನನಗೆ ಪರಿಚಯದವರು. ಅವರ ಲ್ಯಾಬಿನಲ್ಲಿ ಮದ್ರಾಸಿನಿಂದ ತರಿಸಿದ ಪೋಸ್ಟ್ ಆಫೀಸ್ ಬಾಕ್ಸ್ ಇತ್ತು. ಹೆಸರಿಗೆ ಪೋಸ್ಟ್ ಆಫೀಸಾದರೂ ಅದು ರೆಸಿಸ್ಟರಿನ ತಕ್ಕಡಿ. ಮರದ ಪೆಟ್ಟಿಗೆಯ ಮೇಲೆ ಹಿತ್ತಾಳೆಯ ಬೆಣೆಗಳ ಸಾಲು, ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಬೆಣೆಗಳನ್ನು ಒಂದೊಂದಾಗಿ ಕೀಳಬೇಕು. ಮಾಸ್ಟರು ಆ ಬೆಣೆಗಳನ್ನು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ.

"ಇಪ್ಪತ್ತಾರು ಸಾವಿರದ ನಾನೂರು" ಎಂದರು ಕಡೆಗೆ. "ಇಂಥದ್ದು ಅಂಗಡಿಯಲ್ಲಿ ಸಿಗ್ಲಿಕ್ಕಿಲ್ಲ ಮಾರಾಯ್ರೆ. ಇಪ್ಪತ್ತೆರಡು ಸಾವಿರ ಉಂಟು, ಮತ್ತೆ ಮೂವತ್ತಮೂರು. ನಡುವೆ ಎಂಥದೂ ಇಲ್ಲ."

"ಎರಡು ಜೋಡಿಸಿದರೆ ಬರ್ತದೆ."

"ಬರ್ತದೆ. ಆದ್ರೆ ಅದರೊಳಗೆ ಎರಡಕ್ಕೆ ಜಾಗ ಉಂಟಾ?"

ಇರಲಿಲ್ಲ. ಒಂದು ಭತ್ತದ ಕಾಳಿನ ಜಾಗ ಅದು. ಆದ್ದರಿಂದ ಉಳಿದದ್ದು ಅರದ ಕೆಲಸ. ಇಂಗಾಲದ ರೆಸಿಸ್ಟರಿನ ಮೈಯನ್ನು ಸಣ್ಣ ಅರದಿಂದ ಉಜ್ಜಿದರೆ ವಿದ್ಯುತ್ತಿನ ದಾರಿ ಕಿರಿದಾಗಿ ಬೆಲೆ ಏರುತ್ತದೆ. ಏರಿದ್ದು ಮತ್ತೆ ಇಳಿಯುವುದಿಲ್ಲ. ಮಂಗಳೂರಿನಿಂದ ಅತಿ ಸಣ್ಣ ಜಾತಿಯ ಇಪ್ಪತ್ತೆರಡು ಸಾವಿರದವನ್ನು ಹನ್ನೆರಡು ತರಿಸಿಕೊಂಡು ಮಾಸ್ಟರ ಲ್ಯಾಬಿನಲ್ಲೇ ಕೂತೆ. ನಾನು ಉಜ್ಜುವುದು, ಅವರು ಅಳೆಯುವುದು. ಮೊದಲನೆಯದು ಒಂದೇ ಎಳೆತಕ್ಕೆ ನಲುವತ್ತು ಸಾವಿರ ದಾಟಿತು. ಎರಡನೆಯದು ಕೈಯಲ್ಲೇ ಎರಡು ತುಂಡಾಯಿತು. ನಾಲ್ಕನೆಯದು ಸರಿಯಾಗಿ ಬಂತು. ಉಜ್ಜಿದ ಗಾಯಕ್ಕೆ ತೇವ ಹೊಗದಂತೆ ಬಡಗಿಗಳು ಮರಕ್ಕೆ ಬಳಿಯುವ ಸ್ಪಿರಿಟ್ ಪಾಲಿಶ್ ಹಚ್ಚಿದೆ. ಮರುದಿನಕ್ಕೆ ಬೆಲೆ ಎರಡು ಸಾವಿರ ಕುಸಿದಿತ್ತು. ಪಾಲಿಶಿನಲ್ಲೇ ನೀರಿನಂಶ ಇತ್ತೆಂದು ಕಾಣುತ್ತದೆ. ಬೈಯಲು ಯಾರೂ ಸಿಗದೆ ಪಾಲಿಶಿನ ಬಾಟಲಿಯನ್ನೇ ಬೈದೆ. ನರಿಕೊಂಬಿನ ಪರಿಚಯದವರ ಮನೆಯಿಂದ ಜೇನುಮೇಣ ತಂದು, ಚಮಚದಲ್ಲಿ ಹದವಾಗಿ ಕರಗಿಸಿ, ಆರನೆಯದನ್ನು ಅದರಲ್ಲಿ ಅದ್ದಿದೆ. ಅದು ಮೂರು ದಿನ ಕಳೆದರೂ ಇಪ್ಪತ್ತಾರು ಸಾವಿರದ ನಾನೂರರಲ್ಲೇ ನಿಂತಿತು. ಯಂತ್ರಕ್ಕೆ ಕೂರಿಸಿ ಕಿವಿಗಿಟ್ಟೆ. ಪೇಟೆಯ ಆಚೆ ಬದಿಯಲ್ಲಿ ಯಾರೋ ವೀಳ್ಯದೆಲೆಯ ಚೌಕಾಸಿ ಮಾಡುವುದು ಕೂಡ ಕೇಳಿತು. ಬೀಗುತ್ತಾ ಲಾಯಿಲದ ಬಸ್ಸು ಹತ್ತಿದೆ.

ಟೀಚರು ಶಾಲೆಯ ಜಗಲಿಯಲ್ಲಿ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಯಂತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋಗಿ, ತೊಟ್ಟುಕೊಂಡು, ಒಂದು ಪಾಠ ಮುಗಿಸಿ ಹೊರಗೆ ಬಂದರು. ಕಿವಿಯ ವಯರು ಕೂದಲ ಕೆಳಗಿಂದ ಸೆರಗಿನೊಳಗೆ ಎಲ್ಲೋ ಇಳಿದಿತ್ತು.

"ಕೇಳ್ತದಾ ಟೀಚರೇ?" ಎಂದು ಅವರ ಎದುರೇ ನಿಂತು ಕೇಳಿದೆ.

"ಲಾಯ್ಕ ಕೇಳ್ತದೆ ಮಗಾ" ಎಂದರು. ನನ್ನ ತಲೆಯ ಮೇಲೆ ಕೈಯಿಟ್ಟರು. ಅವರ ಕೈ ತಲೆಗೆ ಎಟುಕಲು ನಾನು ಬಗ್ಗಬೇಕಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಮತ್ತೆ ಮತ್ತೆ ಮೂಗು ಒರೆಸಿಕೊಂಡೆ, ಪಕ್ಕದವರು ಶೀತವಾ ಎಂದು ಕೇಳಿದರು.

ಒಂದು ವಾರ ಕಳೆದು ಅದೇ ಕಂಡಕ್ಟರು ಅಂಗಡಿಯ ಮೆಟ್ಟಿಲ ಮೇಲೆ ನಿಂತು ತಲೆ ತುರಿಸಿದರು. ಅವರ ಮನೆ ಲಾಯಿಲದಲ್ಲೇ, ಮಗಳು ಆ ಶಾಲೆಯ ಎರಡನೆಯ ಕ್ಲಾಸಿನಲ್ಲಿದ್ದಳು.

"ಹೇಳಬಾರದು, ಆದ್ರೂ ಹೇಳ್ತೇನೆ. ಟೀಚರಿಗೆ ಕೇಳುವುದಿಲ್ಲ ಮಾರಾಯ್ರೆ. ಮಗಳು ಹೇಳಿದಳು. ಯಂತ್ರ ಹಾಕಿಕೊಳ್ತಾರಂತೆ, ಮಕ್ಕಳು ಮಾತ್ರ ಈಗಲೂ ಎದುರು ಹೋಗಿ ನಿಂತೇ ಹೇಳಬೇಕಂತೆ."

ನನಗೆ ಸಿಟ್ಟು ಬಂತು, ಕಂಡಕ್ಟರ ಮೇಲೂ ಅವರ ಮಗಳ ಮೇಲೂ. ಏನೋ ನೆಪ ಹೇಳಿ ಯಂತ್ರ ತರಿಸಿದೆ. ಮೇಜಿನ ಮೇಲಿಟ್ಟು ಕೇಳಿದರೆ ಗಡಿಯಾರ ಟಿಕ್ ಟಿಕ್ ಎಂದು ಸ್ವಚ್ಛ. ತಿರುಗಿ ಕಳಿಸಿದೆ. ಕಂಡಕ್ಟರು ಮರುದಿನ ಬಸ್ಸಿನ ಬಾಗಿಲಿನಿಂದಲೇ ಇಲ್ಲವೆಂದು ತಲೆ ಅಲ್ಲಾಡಿಸಿದರು. ಇನ್ನೊಮ್ಮೆ ತರಿಸಿ, ಕೈಯಲ್ಲಿ ಹಿಡಿದುಕೊಂಡು ಮೂಡಬಿದಿರೆಗೆ ಹೋದೆ.

ಮಾಸ್ಟರು ರೆಸಿಸ್ಟರನ್ನು ಮತ್ತೆ ಅಳೆದರು. ಒಂದು ಓಮ್ ಆಚೀಚೆ ಆಗಿರಲಿಲ್ಲ.

"ಅವರಿಗೆ ಕೇಳ್ತದೆ ಅಂತ ನೀವು ಹೇಗೆ ನೋಡಿದಿರಿ?"

"ಅವರನ್ನೇ ಕೇಳಿದೆ. ಲಾಯ್ಕ ಕೇಳ್ತದೆ ಅಂದರು."

"ಅದಲ್ಲ. ಹಿಂದಿನಿಂದ ಏನಾದರೂ ಹೇಳಿ, ಅವರು ಉತ್ತರ ಕೊಡ್ತಾರಾ ಅಂತ ಪರೀಕ್ಷೆ ಮಾಡಿದಿರಾ?"

"ನಮ್ಮ ಟೀಚರನ್ನು ನಾನು ಪರೀಕ್ಷೆ ಮಾಡುವುದಾ?" ಎಂದೆ. ನಿಜವಾಗಿಯೂ ಆ ಯೋಚನೆ ನನಗೆ ಬಂದೇ ಇರಲಿಲ್ಲ. ಗಡಿಯಾರ, ನನ್ನ ಕಿವಿ, ಪೇಟೆಯ ಗಲಾಟೆ, ಎಲ್ಲದರಿಂದಲೂ ಪರೀಕ್ಷೆ ಮಾಡಿದ್ದೆ, ಯಾರು ಹಾಕಿಕೊಳ್ಳಬೇಕೋ ಅವರೊಬ್ಬರನ್ನು ಬಿಟ್ಟು.

"ಸರಿ. ಯಂತ್ರ ಎಲ್ಲಿ ಇಟ್ಟುಕೊಳ್ತಾರೆ ಅವರು?"

"ಸೆರಗಿನ ಒಳಗೆ ಎಲ್ಲೋ. ಹೇಗೆ ಕೇಳುವುದು ಅದನ್ನು?"

ಮಾಸ್ಟರು ಯಂತ್ರವನ್ನು ನನ್ನ ಅಂಗಿಯೊಳಗೆ, ಕಂಕುಳಿಗೆ ತುರುಕಿದರು. ಗುಂಡಿಯನ್ನು ಕಿವಿಗಿಟ್ಟುಕೊಂಡು ಅರ್ಧ ಗಂಟೆ ಕೈ ಅಲುಗಿಸದೆ ಕೂತೆ. ಬಾಗಿಲ ಬಳಿ ಮಕ್ಕಳು ಇಣುಕಿ ಓಡಿದರು. ಮೊದಲು ಮಾಸ್ಟರ ಮಾತು ನೀಟಾಗಿತ್ತು. ಆಮೇಲೆ ಅಂಚು ಒಡೆಯತೊಡಗಿತು. ಕಡೆಗೆ ಅವರ ಬಾಯಿ ಆಡುತ್ತಿತ್ತು, ನನ್ನ ಕಿವಿಯಲ್ಲಿ ಜೀರುಂಡೆ ಸಿಕ್ಕಿಕೊಂಡ ಹಾಗೆ ಗೊರಗೊರ. ಸದ್ದು ಇತ್ತು, ಮಾತು ಇರಲಿಲ್ಲ.

ಗುಂಡಿ ತೆಗೆದಾಗ ಅವರು ಹೇಳುತ್ತಿದ್ದದ್ದು ಕೇಳಿಸಿತು. "ಟ್ರಾನ್ಸಿಸ್ಟರು ಬಿಸಿಯಾದರೆ ತಾನಾಗಿಯೇ ಹೆಚ್ಚು ಕರೆಂಟು ಎಳೀತದೆ. ನೀವು ತಣ್ಣನೆ ಮೇಜಿನ ಮೇಲೆ ಲೆಕ್ಕ ಮಾಡಿದಿರಿ. ನಿಮ್ಮ ಟೀಚರು ಮೇಜಲ್ಲ ಮಾರಾಯ್ರೆ, ಅವರಿಗೆ ಮೈಬಿಸಿ ಉಂಟು."

ನಾನು ಬೆಪ್ಪಾಗಿ ಕೂತೆ. ಆ ಹೆಚ್ಚಿನ ಕರೆಂಟನ್ನು ತಡೆಯಲು ರೆಸಿಸ್ಟರಿನ ಬೆಲೆ ಇನ್ನೂ ಹೆಚ್ಚಿರಬೇಕು, ಆದರೆ ಎಷ್ಟು? ನನ್ನ ಕಂಕುಳಿನ ಬಿಸಿಗೆ ಹೊಂದಿದ್ದು ಅವರ ಸೆರಗಿನೊಳಗಿನ ಬಿಸಿಗೆ ಹೊಂದಬೇಕೆಂದಿಲ್ಲ, ನನ್ನ ಕಿವಿಗೆ ಸರಿ ಎನಿಸಿದ್ದು ಅವರ ಕಿವಿಗೆ ಸರಿಯಾಗಬೇಕೆಂದೂ ಇಲ್ಲ. ತಿರುಗಣೆಯನ್ನು ಲಾಯಿಲಕ್ಕೇ ಒಯ್ಯಬೇಕು, ಯಂತ್ರ ಅವರ ಮೈಮೇಲಿರುವಾಗಲೇ ಬೆಲೆ ಹುಡುಕಬೇಕು. ಅದಕ್ಕೆ ಅವರ ಬೆನ್ನ ಹಿಂದೆ ನಿಂತು ಪ್ರಶ್ನೆ ಕೇಳಬೇಕು. ಅವರು ತಪ್ಪಿದರೆ ತಪ್ಪಿತು ಎನ್ನಬೇಕು. ಎರಡು ದಿನ ಒದ್ದಾಡಿದೆ. ಇನ್ಸ್‌ಪೆಕ್ಟರು ಹೇಗೂ ಅದನ್ನೇ ಮಾಡುತ್ತಾರೆ, ಅವರಿಗಿಂತ ಮೊದಲು ನಾನು ಮಾಡುವುದೇ ವಾಸಿ ಎಂದು ಕಡೆಗೆ ಗಟ್ಟಿಮನಸ್ಸು ಮಾಡಿದೆ.

ಶನಿವಾರ, ಅರ್ಧ ದಿನದ ಶಾಲೆ. ನಾನು ಶಾಲೆ ಮುಟ್ಟಿದಾಗ ಕ್ಲಾಸು ಇನ್ನೂ ನಡೆಯುತ್ತಿತ್ತು. ಕಿಟಕಿಯ ಹೊರಗೆ ನಿಂತು ನೋಡಿದೆ. ಟೀಚರು ಬೋರ್ಡಿನಲ್ಲಿ ಬರೆಯುತ್ತಾ ಪ್ರಶ್ನೆ ಹಾಕಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು ಬಂದು, ಬೋರ್ಡಿನ ಪಕ್ಕ ನಿಂತು, ಅವರು ತಿರುಗುವವರೆಗೆ ಕಾದು, ಬಾಯಿಯನ್ನು ಅಗಲಕ್ಕೆ ತೆರೆದು ಉತ್ತರ ಹೇಳಿ ಹೋದ. ಅವನ ನಂತರ ಇನ್ನೊಬ್ಬಳು ಬಂದಳು. ಯಾರೂ ನಗಲಿಲ್ಲ, ಯಾರೂ ನೂಕಾಡಲಿಲ್ಲ. ನೀರು ಕುಡಿಯಲು ಸರದಿ ನಿಂತಷ್ಟು ಸಹಜವಾಗಿ ನಡೆಯುತ್ತಿತ್ತು ಅದು.

ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಟೀಚರ ಎದುರು ಕೂತು ಮೈಬಿಸಿಯ ವಿಷಯ ವಿವರಿಸಿದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು.

"ಆ ದಿನ ನಾನು ಸುಳ್ಳು ಹೇಳಿದೆ" ಎಂದರು. "ನೀನು ಅಷ್ಟು ದೂರದಿಂದ ಬಂದಿದ್ದೆ, ಮುಖ ಅರಳಿಸಿಕೊಂಡು ನಿಂತಿದ್ದೆ. ಇಲ್ಲ ಅಂತ ಹೇಗೆ ಹೇಳುವುದು?"

"ಇವತ್ತು ಹೇಳಬೇಕು ಟೀಚರೇ. ಕೇಳದಿದ್ದರೆ ಕೇಳುವುದಿಲ್ಲ ಅಂತಲೇ ಹೇಳಬೇಕು."

"ಮಕ್ಕಳು ಎದುರು ಬಂದು ನಿಲ್ಲುವುದು ನೋಡಿದೆಯಾ?"

"ನೋಡಿದೆ."

"ನಾನು ಹೇಳಿಕೊಟ್ಟದ್ದಲ್ಲ. ಅವರೇ ಮಾಡಿಕೊಂಡದ್ದು, ಎರಡು ವರ್ಷ ಆಯಿತು. ನನಗೆ ಕೇಳುವುದಿಲ್ಲ ಅಂತ ಒಬ್ಬರೂ ಬಾಯಿಬಿಟ್ಟು ಹೇಳಿದ್ದಿಲ್ಲ." ಮಕ್ಕಳು ಬಂದು ನಿಲ್ಲುವ ಆ ಜಾಗದ ಕಡೆ ನೋಡಿದರು. "ಇನ್ಸ್‌ಪೆಕ್ಟರರ ಎದುರೂ ಹಾಗೆಯೇ ಬರ್ತಾರೆ. ಅಲ್ಲಿಗೆ ನನ್ನದು ಮುಗಿಯಿತು. ಬರಬೇಡಿ ಅಂತ ಹೇಗೆ ಹೇಳಲಿ? ಅವರು ಪ್ರೀತಿಯಿಂದ ಮಾಡುವುದು ಅದು."

ಯಂತ್ರಕ್ಕೆ ತಿರುಗಣೆಯ ವಯರು ಬೆಸೆದುಕೊಟ್ಟೆ. ಅವರು ಅದನ್ನು ಯಾವಾಗಿನ ಬಟ್ಟೆಯ ಚೀಲದಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಎಳೆದುಕೊಂಡು, ಬೋರ್ಡಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತರು. ಎರಡು ಉದ್ದ ವಯರುಗಳು ಕುರ್ಚಿಯ ಬೆನ್ನು ದಾಟಿ ನನ್ನ ಕೈಯಲ್ಲಿದ್ದ ತಿರುಗಣೆಗೆ ಬಂದವು. ಯಂತ್ರ ಮೈಬಿಸಿ ಹಿಡಿಯಲು ಅರ್ಧ ಗಂಟೆ ಕಾದೆವು. ಆಮೇಲೆ ನಾನು ಹಿಂದಿನ ಬೆಂಚಿನ ಬಳಿ ನಿಂತು, ಅವರೇ ಕಲಿಸಿದ ಮಗ್ಗಿ, ಬಾಯಿಲೆಕ್ಕ ಶುರುಮಾಡಿದೆ.

"ಹದಿನೇಳೆಂಟ್ಲಿ?"

ಉತ್ತರವಿಲ್ಲ. ಇನ್ನೊಮ್ಮೆ ಕೇಳಿದೆ. ಬೆನ್ನು ಅಲುಗಲಿಲ್ಲ.

"ಕೇಳುವುದಿಲ್ಲ" ಎಂದರು, ತುಂಬ ಹೊತ್ತು ಬಿಟ್ಟು. "ನೀನು ಏನೋ ಕೇಳಿದೆ ಅಂತ ಗೊತ್ತಾಯಿತು. ಏನು ಅಂತ ಗೊತ್ತಾಗಲಿಲ್ಲ."

ಆ ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೋ ಕೇಳಲು ನನಗೂ ಅಷ್ಟೇ ಕಷ್ಟವಾಯಿತು. ತಿರುಗಣೆಯನ್ನು ಕೂದಲಷ್ಟು ತಿರುಗಿಸಿದೆ. ಇನ್ನೂರರಿಂದ ಮೂವತ್ತೇಳು ಕಳೆದರೆ? ಇಲ್ಲ. ಮತ್ತೆ ತಿರುಗಿಸಿದೆ. ಹದಿಮೂರು ಹನ್ನೆರಡ್ಲಿ? ಕುತ್ತಿಗೆ ಸ್ವಲ್ಪ ವಾಲಿತು, ಉತ್ತರ ಬರಲಿಲ್ಲ. ಹೀಗೆ ಎಂಟು ಹತ್ತು ಸಲ ಆಯಿತು. ನನ್ನ ಅಂಗೈ ಬೆವೆತು ತಿರುಗಣೆ ಜಾರುತ್ತಿತ್ತು. ಸ್ವರ ಏರಿಸದೆ, ಇನ್ಸ್‌ಪೆಕ್ಟರು ಕೇಳುವಂತೆ ತಣ್ಣಗೆ, ಮೊದಲನೆಯದನ್ನೇ ಇನ್ನೊಮ್ಮೆ ಕೇಳಿದೆ.

"ಹದಿನೇಳೆಂಟ್ಲಿ?"

"ನೂರ ಮೂವತ್ತಾರು" ಎಂದರು. ಅಷ್ಟಕ್ಕೇ ಬಿಡಲಿಲ್ಲ. "ಅಷ್ಟು ಸುಲಭದ್ದು ಕೇಳಬೇಡ, ನಾನೇನು ಒಂದನೆಯ ಕ್ಲಾಸಾ?"

ಕಷ್ಟದ್ದು ಕೇಳಿದೆ. ಹತ್ತಕ್ಕೆ ಹತ್ತೂ ಹೇಳಿದರು. ಕೊನೆಯ ಒಂದರಲ್ಲಿ ನಾನೇ ತಪ್ಪಿದ್ದೆ, ಅವರು ಬೆನ್ನು ತಿರುಗಿಸದೆಯೇ ತಿದ್ದಿದರು. ನನಗೆ ಕಣ್ಣು ತುಂಬಿ ಬಂತು. ಅವರು ಆಚೆ ಮುಖ ಮಾಡಿದ್ದದ್ದು ಒಳ್ಳೆಯದೇ ಆಯಿತು.

ಆ ತಿರುಗಣೆ ಇನ್ನು ಒಂದಿಷ್ಟೂ ಅಲುಗಬಾರದು. ಅದರ ಸಂದಿಗೆ ಮೇಣ ಹೊಯ್ದು, ನೂಲು ಬಿಗಿದು, ಸೋಮವಾರ ಬಂಟ್ವಾಳದಿಂದ ಮೂಡಬಿದಿರೆಯವರೆಗೂ ತೊಡೆಯ ಮೇಲೆ ಎರಡು ಕೈಯಲ್ಲಿ ಮುಚ್ಚಿ ಹಿಡಿದುಕೊಂಡು ಹೋದೆ. ಸಿದ್ಧಕಟ್ಟೆಯಲ್ಲಿ ಹತ್ತಿದ ಒಬ್ಬರು ಕೋಳಿಮರಿಯಾ ಎಂದು ವಿಚಾರಿಸಿದರು. ಮಾಸ್ಟರು ಬೆಣೆ ಕಿತ್ತು, ಮುಳ್ಳು ನೋಡಿ, ಬರೆದರು: ಇಪ್ಪತ್ತೊಂಬತ್ತು ಸಾವಿರದ ಆರುನೂರು. ನನ್ನ ಮೇಜಿಗೂ ಅವರ ಮೈಗೂ ಮೂರು ಸಾವಿರದ ಇನ್ನೂರರ ವ್ಯತ್ಯಾಸ.

ಉಳಿದದ್ದು ಆರು ರೆಸಿಸ್ಟರು. ಈ ಸಲ ಅರವನ್ನು ಬಿಟ್ಟು, ಕತ್ತಿ ಮಸೆಯುವ ಕಲ್ಲಿನ ನುಣ್ಣನೆ ಹುಡಿಯನ್ನು ಬಟ್ಟೆಗೆ ಹಚ್ಚಿ ಉಜ್ಜಿದೆ. ನೂರು ನೂರಾಗಿ ಏರಿಸಿದೆ. ಇಪ್ಪತ್ತೊಂಬತ್ತು ಸಾವಿರದ ಐನೂರಕ್ಕೆ ಮಾಸ್ಟರು, "ಸಾಕು, ಮೇಣ ಹಾಕುವ" ಎಂದರು. ಸಾಲದು ಎಂದೆ. ಇನ್ನೊಂದು ಸಲ ಉಸಿರು ಬಿಗಿಹಿಡಿದು ಉಜ್ಜಿದೆ. ಮುಳ್ಳು ನಡುವೆ ನಿಂತಿತು.

ದೀಪಾವಳಿಯ ರಜೆಗೆ ನಾಲ್ಕು ದಿನ ಮೊದಲು ಯಂತ್ರವನ್ನು ಟೀಚರಿಗೆ ಕೊಟ್ಟು, ಅದು ಮೈಬಿಸಿ ಹಿಡಿದ ಮೇಲೆ ಅವರ ಅಪ್ಪಣೆ ಪಡೆದು ಕ್ಲಾಸಿನ ಮೂಲೆಯಲ್ಲಿ ಕೂತೆ. ಟೀಚರು ಬೋರ್ಡಿನಲ್ಲಿ ಬರೆಯುತ್ತಾ ಪ್ರಶ್ನೆ ಹಾಕಿದರು. ಕಂಡಕ್ಟರ ಮಗಳು ಎದ್ದು, ವಾಡಿಕೆಯಂತೆ ಮುಂದೆ ನಡೆದಳು.

"ನಿನ್ನ ಜಾಗದಲ್ಲೇ ನಿಂತು ಹೇಳು ಮಗಾ. ನನಗೆ ಕೇಳ್ತದೆ" ಎಂದರು ಟೀಚರು, ಬರೆಯುವುದನ್ನು ನಿಲ್ಲಿಸದೆ.

ಹುಡುಗಿ ನಂಬಲಿಲ್ಲ. ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಒಂದೊಂದೇ ಹೆಜ್ಜೆ ಹಿಂದೆ ಸರಿದು, ಬೆಂಚಿಗೆ ಒರಗಿ, ಉತ್ತರವನ್ನು ಪಿಸುಮಾತಿನಲ್ಲಿ ಹೇಳಿದಳು.

"ಸರಿ. ಕೂತುಕೋ" ಎಂದರು ಟೀಚರು.

ಇಡೀ ಕ್ಲಾಸಿನಲ್ಲಿ ಎದ್ದ ಗದ್ದಲಕ್ಕೆ ಟೀಚರು ಕಿವಿಯ ಗುಂಡಿಯನ್ನು ಕಿತ್ತು ಕೈಯಲ್ಲಿ ಹಿಡಿಯಬೇಕಾಯಿತು.

ಹಬ್ಬ ಕಳೆದು ಹತ್ತು ದಿನಕ್ಕೆ ಕಂಡಕ್ಟರು ಒಂದು ಚೀಟಿ ತಂದರು. ಬಸ್ಸನ್ನು ಕಾಯಿಸಿ, ನಾನು ಅದನ್ನು ಬಿಚ್ಚುವವರೆಗೆ ಮೆಟ್ಟಿಲ ಮೇಲೆ ನಿಂತರು. ಮೇಲುಗಡೆ, ಇನ್ಸ್‌ಪೆಕ್ಟರು ಶಾಲೆಯ ಪುಸ್ತಕದಲ್ಲಿ ಬರೆದುಹೋದದ್ದನ್ನು ಟೀಚರು ತಮ್ಮ ಕೈಯಲ್ಲಿ ಪ್ರತಿ ಮಾಡಿದ್ದರು: "ಮಕ್ಕಳು ತಮ್ಮ ತಮ್ಮ ಜಾಗದಲ್ಲಿಯೇ ನಿಂತು ಉತ್ತರಿಸುತ್ತಾರೆ. ಪಾಠ ತೃಪ್ತಿಕರ. ಅಧ್ಯಾಪಿಕೆಯನ್ನು ಮುಂದುವರಿಸಬಹುದು." ಅದರ ಕೆಳಗೆ ಅವರದೇ ಒಂದು ಸಾಲು.

"ಮೂವತ್ತೊಂದು ಮಕ್ಕಳು. ಒಬ್ಬರೂ ಮುಂದೆ ಬರಲಿಲ್ಲ."

ಓದಿ ಮುಗಿಸಿ ನೋಡಿದರೆ ನಾನು ಎದ್ದು ನಿಂತಿದ್ದೆ.